ರೈಸ್ ಮಿಲ್ಲಿನ ನೆಟ್‌ವರ್ಕ್ ಸ್ವಿಚ್: ಒಂದೊಂದು ಪೋರ್ಟನ್ನೂ ಸೆಟ್ ಮಾಡುವ ಕ್ರಮ

ಮ್ಯಾನೇಜ್ಡ್ ಸ್ವಿಚ್ಚನ್ನು (ನೆಟ್‌ವರ್ಕ್ ಕೇಬಲ್ಲುಗಳನ್ನು ಕೂಡಿಸುವ, ಒಂದೊಂದು ಪೋರ್ಟಿಗೂ ಬೇರೆ ಸೆಟ್ಟಿಂಗ್ ಕೊಡಬಹುದಾದ ಪೆಟ್ಟಿಗೆ) ಡಬ್ಬಿಯಿಂದ ತೆಗೆದು ಕೇಬಲ್ಲು ಚುಚ್ಚಿದರೆ ಅದು ಕೆಲಸ ಮಾಡುತ್ತದೆ. ಹಾಗಾಗಿಯೇ ಬಹಳ ಕಡೆ ಅದನ್ನು ಯಾರೂ ಸೆಟ್ ಮಾಡುವುದಿಲ್ಲ. ವಿಲ್ಯಾನ್ ಎಂದರೆ ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ನೆಟ್‌ವರ್ಕಿನಂತೆ ಮಾಡಿದ ವಿಭಾಗ. ಸೆಟ್ ಮಾಡದಿದ್ದರೆ ಎಲ್ಲ ಪೋರ್ಟುಗಳೂ ವಿಲ್ಯಾನ್ 1ರಲ್ಲೇ ಇರುತ್ತವೆ. ಕ್ಯಾಮೆರಾ, ಬಿಲ್ಲಿನ ಕಂಪ್ಯೂಟರ್, ತೂಕದ ಕಾಟಾ ಎಲ್ಲ ಒಂದೇ ಬಯಲಿನಲ್ಲಿ. ಮುಂಗಾರು ಭತ್ತ ಬರುವ ನವೆಂಬರ್–ಡಿಸೆಂಬರಿನಲ್ಲಿ ಕಾಟಾದ ಮುಂದೆ ಲಾರಿಗಳು ಸಾಲುಗಟ್ಟಿದಾಗ ತೂಕ ಕಂಪ್ಯೂಟರಿಗೆ ಬರುವುದು ನಿಂತರೆ, ತಪ್ಪು ಎಲ್ಲಿದೆ ಎಂದು ಹುಡುಕಲು ಯಾವ ಗುರುತೂ ಇರುವುದಿಲ್ಲ.

ಪೋರ್ಟ್ ಸೆಟ್ ಮಾಡುವುದೆಂದರೆ ಮೂಲದಲ್ಲಿ ಒಂದೇ ಕೆಲಸ: ಕೇಬಲ್ಲಿನ ಎರಡೂ ತುದಿಗಳು ಒಂದೇ ಮಾತಿಗೆ ಒಪ್ಪುವಂತೆ ಮಾಡುವುದು. ವೇಗ, ಡ್ಯುಪ್ಲೆಕ್ಸ್ (ಫುಲ್ ಎಂದರೆ ಎರಡೂ ಕಡೆ ಏಕಕಾಲಕ್ಕೆ, ಹಾಫ್ ಎಂದರೆ ಸರದಿಯಲ್ಲಿ ಕಳಿಸುವುದು), ವಿಲ್ಯಾನ್, ಕರೆಂಟು, ಫೈಬರ್ ಯಾವುದೇ ಇರಲಿ, ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಒಂದು ತುದಿಯಲ್ಲಿ ಒಂದು, ಇನ್ನೊಂದು ತುದಿಯಲ್ಲಿ ಮತ್ತೊಂದು ಇದ್ದದ್ದರಿಂದ ಹುಟ್ಟುವಂಥವು.

ಉದಾಹರಣೆಗೆ ಗಂಗಾವತಿ–ಕಾರಟಗಿ ಕಡೆಯ ಒಂದು ಮಧ್ಯಮ ಗಾತ್ರದ ಮಿಲ್ಲು ಇಟ್ಟುಕೊಳ್ಳೋಣ. ಕಚೇರಿಯಲ್ಲಿ 24 ಪೋರ್ಟಿನ ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟು ಕೊಡುವ) ಸ್ವಿಚ್. ಅದರಲ್ಲಿ ಫೈಬರಿಗೆಂದು ಎಸ್‌ಎಫ್‌ಪಿ ಕಿಂಡಿಗಳೂ ಇವೆ. 75 ಮೀಟರ್ ದೂರದಲ್ಲಿ ಕಾಟಾ ರೂಮು, 150 ಮೀಟರ್ ದೂರದಲ್ಲಿ ಗೋದಾಮು, ಅಲ್ಲೊಂದು ಸಣ್ಣ ಸ್ವಿಚ್. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಕ್ಕೂ ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿಗೂ ಇದೇ ಕ್ರಮ ಹೊಂದುತ್ತದೆ.

ಮೊದಲು ಹಾಳೆಯ ಮೇಲೆ

ಕೀಬೋರ್ಡ್ ಮುಟ್ಟುವ ಮೊದಲು ಪ್ರತಿ ಕೇಬಲ್ಲಿನ ಬೆನ್ನು ಹತ್ತಿ ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡಿ, ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿ. ಬರೀ ಪೆನ್ನಿನ ಬರಹ ತೌಡಿನ ಧೂಳಿಗೆ ಅಳಿಸುತ್ತದೆ. ಮೇಲೆ ಪಾರದರ್ಶಕ ಟೇಪು ಸುತ್ತಿ. ಆಮೇಲೆ ಪಟ್ಟಿ ಮಾಡಿ. ನಮ್ಮ ಉದಾಹರಣೆಯ ಪಟ್ಟಿ ಹೀಗಿದೆ:

ಪೋರ್ಟ್ 1–6: ಕಚೇರಿ ಕಂಪ್ಯೂಟರ್, ಪ್ರಿಂಟರ್ – ವಿಲ್ಯಾನ್ 10
ಪೋರ್ಟ್ 7: ಕಾಟಾ ರೂಮು – ವಿಲ್ಯಾನ್ 30
ಪೋರ್ಟ್ 8: ಹಾಜರಿ ಯಂತ್ರ – ವಿಲ್ಯಾನ್ 30
ಪೋರ್ಟ್ 9–20: 12 ಕ್ಯಾಮೆರಾ – ವಿಲ್ಯಾನ್ 20
ಪೋರ್ಟ್ 21: ಕ್ಯಾಮೆರಾ ರೆಕಾರ್ಡರ್ – ವಿಲ್ಯಾನ್ 20
ಪೋರ್ಟ್ 22: ಖಾಲಿ
ಪೋರ್ಟ್ 23: ರಿಪೇರಿಯವರ ಲ್ಯಾಪ್‌ಟಾಪ್ – ವಿಲ್ಯಾನ್ 99
ಪೋರ್ಟ್ 24: ರೂಟರ್ – ಟ್ರಂಕ್
ಪೋರ್ಟ್ 25: ಗೋದಾಮಿಗೆ ಫೈಬರ್ – ಟ್ರಂಕ್

ಟ್ರಂಕ್ ಎಂದರೆ ಹಲವು ವಿಲ್ಯಾನ್‌ಗಳ ಡೇಟಾವನ್ನು ವಿಲ್ಯಾನ್ ನಂಬರಿನ ಗುರುತು (ಟ್ಯಾಗ್) ಹಚ್ಚಿ ಒಂದೇ ಕೇಬಲ್ಲಿನಲ್ಲಿ ಸಾಗಿಸುವ ಪೋರ್ಟು. ವಿಲ್ಯಾನ್ 99 ಸ್ವಿಚ್ಚಿಗೇ ಲಾಗಿನ್ ಆಗಿ ಸೆಟ್ ಮಾಡಲು. ವಿಲ್ಯಾನ್ ನಂಬರ್ 1ರಿಂದ 4094ರವರೆಗೆ ಆಗಬಹುದು (ಸಿಸ್ಕೊ ಸ್ವಿಚ್ಚಿನಲ್ಲಿ 1002ರಿಂದ 1005 ಬಿಟ್ಟು). ಹತ್ತರ ಅಂತರದಲ್ಲಿ ಇಟ್ಟರೆ ನೆನಪಿಗೆ ಸುಲಭ. ವಿಲ್ಯಾನ್ 1ನ್ನು ಯಾವ ಕೆಲಸಕ್ಕೂ ಬಳಸದಿರುವುದು ಒಳ್ಳೆಯದು, ಏಕೆಂದರೆ ಹೊಸದಾಗಿ ತಂದ ಯಾವ ಸ್ವಿಚ್ ಆದರೂ ತಾನಾಗಿ ಅದರೊಳಗೇ ಬಂದು ಕೂರುತ್ತದೆ. ರೆಕಾರ್ಡರನ್ನು ಕ್ಯಾಮೆರಾಗಳ ವಿಲ್ಯಾನಿನಲ್ಲೇ ಇಡಿ. ಆಗ ಹಗಲು ರಾತ್ರಿ ಹರಿಯುವ ವಿಡಿಯೋ ರೂಟರಿನ ಮೇಲೆ ಬೀಳುವುದಿಲ್ಲ; ಕಚೇರಿಯವರು ನೋಡುವಾಗ ಮಾತ್ರ ರೂಟರ್ ದಾಟುತ್ತದೆ. ಹಾಗೆ ದಾಟಲು ರೂಟರಿನಲ್ಲಿ ವಿಲ್ಯಾನ್ 10ರಿಂದ 20ಕ್ಕೆ ದಾರಿ ಕೊಟ್ಟಿರಬೇಕು. ಇದನ್ನು ಮರೆತು, ‘ವಿಲ್ಯಾನ್ ಮಾಡಿದ ಮೇಲೆ ಕ್ಯಾಮೆರಾ ಕಾಣುತ್ತಿಲ್ಲ’ ಎಂದು ಎಲ್ಲವನ್ನೂ ವಾಪಸ್ ತೆಗೆಯುವವರು ಬಹಳ.

ಒಳಗೆ ಹೋಗುವುದು

ಇಲ್ಲಿನ ಕಮಾಂಡ್‌ಗಳು ಸಿಸ್ಕೊ ಕ್ಯಾಟಲಿಸ್ಟ್ ಮಾದರಿಯವು. ಓದಲು ಅನುಕೂಲವಾಗಲೆಂದು ಕನ್ನಡ ಅಕ್ಷರದಲ್ಲಿ ಕೊಟ್ಟಿದೆ, ಹೊಡೆಯುವಾಗ ಇಂಗ್ಲಿಷಿನಲ್ಲೇ ಹೊಡೆಯಬೇಕು. ಬೇರೆ ಕಂಪನಿಯ ಸ್ವಿಚ್‌ಗಳಲ್ಲಿ ಪದಗಳು ಬದಲಾಗುತ್ತವೆ, ವಿಚಾರ ಬದಲಾಗುವುದಿಲ್ಲ.

ಕನ್ಸೋಲ್ ಕೇಬಲ್ (ಲ್ಯಾಪ್‌ಟಾಪನ್ನು ಸ್ವಿಚ್ಚಿನ ಸೆಟ್ಟಿಂಗಿಗೆ ನೇರವಾಗಿ ಜೋಡಿಸುವ ಕೇಬಲ್) ಹಾಕಿ ಟರ್ಮಿನಲ್ ಪ್ರೋಗ್ರಾಮಿನಲ್ಲಿ ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಇಲ್ಲ ಎಂದು ಇಡಿ. ಪರದೆ ಮೇಲೆ ಅರ್ಥವಿಲ್ಲದ ಅಕ್ಷರಗಳು ಬಂದರೆ ವೇಗ ತಪ್ಪಿದೆ. ಏನೂ ಬಾರದಿದ್ದರೆ ಯುಎಸ್‌ಬಿ ಕೇಬಲ್ಲಿನ ಡ್ರೈವರ್ ಅಥವಾ ಕಾಮ್ ಪೋರ್ಟ್ ನಂಬರ್ ನೋಡಿ. ಒಳಗೆ ಹೋದ ಮೇಲೆ ವಿಲ್ಯಾನ್‌ಗಳನ್ನು ಹುಟ್ಟಿಸಿ ಹೆಸರಿಡಿ:

ಎನೇಬಲ್
ಕಾನ್ಫಿಗರ್ ಟರ್ಮಿನಲ್
ವಿಲ್ಯಾನ್ 20
ನೇಮ್ ಕ್ಯಾಮೆರಾ

ಉಳಿದವನ್ನೂ ಹೀಗೇ ಮಾಡಿ. ಗೋದಾಮಿನ ಸ್ವಿಚ್ಚಿನಲ್ಲೂ ಅವೇ ನಂಬರುಗಳನ್ನು ಹುಟ್ಟಿಸಬೇಕು, ಇಲ್ಲದಿದ್ದರೆ ಟ್ರಂಕ್ ಸರಿ ಇದ್ದರೂ ಆ ಕಡೆ ಏನೂ ಹರಿಯದು.

ಒಂದು ಸಾಧನ ಕೂರುವ ಪೋರ್ಟು

ಕಂಪ್ಯೂಟರ್, ಕ್ಯಾಮೆರಾ, ಪ್ರಿಂಟರಿನಂಥ ಕೊನೆಯ ಸಾಧನಕ್ಕೆ ಹೋಗುವುದು ಆಕ್ಸೆಸ್ ಪೋರ್ಟ್. ಕ್ಯಾಮೆರಾಗಳ ಗುಂಪಿಗೆ:

ಇಂಟರ್‌ಫೇಸ್ ರೇಂಜ್ ಗಿಗಾಬಿಟ್‌ಈಥರ್ನೆಟ್ 1/0/9 - 20
ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್
ಸ್ವಿಚ್‌ಪೋರ್ಟ್ ಆಕ್ಸೆಸ್ ವಿಲ್ಯಾನ್ 20
ಸ್ಪ್ಯಾನಿಂಗ್-ಟ್ರೀ ಪೋರ್ಟ್‌ಫಾಸ್ಟ್
ಸ್ಪ್ಯಾನಿಂಗ್-ಟ್ರೀ ಬಿಪಿಡಿಯುಗಾರ್ಡ್ ಎನೇಬಲ್
ನೋ ಶಟ್‌ಡೌನ್

ಉಳಿದ ಆಕ್ಸೆಸ್ ಪೋರ್ಟುಗಳಿಗೂ ಪಟ್ಟಿಯಲ್ಲಿರುವ ವಿಲ್ಯಾನ್ ನಂಬರ್ ಹಾಕಿ ಹೀಗೇ ಮಾಡಿ. ಆಮೇಲೆ ಒಂದೊಂದೇ ಪೋರ್ಟಿಗೆ ಹೋಗಿ ‘ಡಿಸ್ಕ್ರಿಪ್ಷನ್’ ಎಂದು ಹೊಡೆದು ಚೀಟಿಯ ನಂಬರ್ ಮತ್ತು ಜಾಗ ಬರೆಯಿರಿ: ‘ಸಿ-14 ಬಾಯ್ಲರ್ ಪಕ್ಕದ ಕ್ಯಾಮೆರಾ’ ಎನ್ನುವ ಥರ. ಬೇಸರದ ಕೆಲಸ, ಆದರೆ ಎರಡು ವರ್ಷದ ನಂತರ ಬಂದು ನೋಡುವವರಿಗೆ ಇಡೀ ಸ್ವಿಚ್ಚಿನಲ್ಲಿ ಇದಕ್ಕಿಂತ ಉಪಯೋಗದ ಸಾಲು ಇನ್ನೊಂದಿಲ್ಲ.

ವೆಬ್ ಪುಟದಿಂದ ಸೆಟ್ ಮಾಡುವ ಸಣ್ಣ ಸ್ವಿಚ್‌ಗಳಲ್ಲಿ ಇದೇ ಕೆಲಸಕ್ಕೆ ಎರಡು ಕಡೆ ಟಿಕ್ ಮಾಡಬೇಕಾಗುತ್ತದೆ. ಪೋರ್ಟನ್ನು ವಿಲ್ಯಾನ್ 20ರ ಅನ್‌ಟ್ಯಾಗ್ಡ್ ಸದಸ್ಯ ಮಾಡುವುದು ಒಂದು, ಅದರ ಪಿವಿಐಡಿಯನ್ನು (ಟ್ಯಾಗ್ ಇಲ್ಲದೆ ಬಂದ ಡೇಟಾ ಯಾವ ವಿಲ್ಯಾನಿಗೆ ಎಂಬ ನಂಬರ್) 20 ಎಂದು ಬದಲಿಸುವುದು ಇನ್ನೊಂದು. ಮೊದಲನೆಯದು ಸ್ವಿಚ್ಚಿನಿಂದ ಹೊರಗೆ ಹೋಗುವ ಡೇಟಾಕ್ಕೆ, ಎರಡನೆಯದು ಒಳಗೆ ಬರುವ ಡೇಟಾಕ್ಕೆ. ಪಿವಿಐಡಿ 1ರಲ್ಲೇ ಉಳಿದರೆ ದೀಪ ಉರಿಯುತ್ತದೆ, ಲಿಂಕ್ ಇರುತ್ತದೆ, ಐಪಿ ವಿಳಾಸ ಮಾತ್ರ ಸಿಗುವುದಿಲ್ಲ. ಅರ್ಧ ದಿನ ಕೇಬಲ್ಲು ಬದಲಿಸುತ್ತ ಕೂತರೂ ಇದು ಸಿಕ್ಕುವುದಿಲ್ಲ, ಕಾರಣ ಕೇಬಲ್ಲಿನಲ್ಲಿ ತಪ್ಪೇ ಇಲ್ಲ.

ವೇಗ ಮತ್ತು ಡ್ಯುಪ್ಲೆಕ್ಸ್: ಆಟೋದಲ್ಲೇ ಬಿಡಿ

‘ಆಟೋ ಬೇಡ, 100 ಫುಲ್ ಎಂದು ಗಟ್ಟಿ ಮಾಡಿ’ ಎಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ಅದನ್ನು ಪಾಲಿಸಬೇಡಿ. ಸ್ವಿಚ್ಚಿನ ಪೋರ್ಟನ್ನು 100 ಫುಲ್ ಎಂದು ಗಟ್ಟಿ ಮಾಡಿದಾಗ ಅದು ಮಾತುಕತೆ ನಿಲ್ಲಿಸುತ್ತದೆ. ಆ ಕಡೆಯ ಕಂಪ್ಯೂಟರ್ ಇನ್ನೂ ಆಟೋದಲ್ಲಿದ್ದರೆ, ಉತ್ತರ ಬಾರದ್ದರಿಂದ ವೇಗವನ್ನು ಮಾತ್ರ ಸಿಗ್ನಲ್ ನೋಡಿ 100 ಎಂದು ಕಂಡುಕೊಳ್ಳುತ್ತದೆ. ಡ್ಯುಪ್ಲೆಕ್ಸನ್ನು ಹಾಗೆ ಕಂಡುಕೊಳ್ಳುವ ದಾರಿ ಇಲ್ಲವಾದ್ದರಿಂದ ಹಾಫ್‌ನಲ್ಲಿ ನಿಲ್ಲುತ್ತದೆ. ಈಗ ಒಂದು ತುದಿ ಫುಲ್, ಇನ್ನೊಂದು ಹಾಫ್. ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ದೊಡ್ಡ ಫೈಲು ಕಳಿಸಿದರೆ ತೆವಳುತ್ತದೆ. ಹಾಫ್ ತುದಿಯಲ್ಲಿ ಲೇಟ್ ಕೊಲಿಷನ್ (ತಡವಾಗಿ ಡಿಕ್ಕಿಯಾದ ಡೇಟಾ) ಎಣಿಕೆ, ಫುಲ್ ತುದಿಯಲ್ಲಿ ಕೆಟ್ಟು ಬಂದ ಡೇಟಾ ಲೆಕ್ಕವಾದ ಸಿಆರ್‌ಸಿ ಎಣಿಕೆ ಏರುತ್ತಿದ್ದರೆ ರೋಗ ಇದೇ.

ಗಟ್ಟಿ ಮಾಡಲೇಬೇಕಾದದ್ದು ಒಂದೇ ಸಂದರ್ಭದಲ್ಲಿ: ಆ ಕಡೆಯ ಸಾಧನವೇ ಗಟ್ಟಿಯಾಗಿ ಸೆಟ್ ಆಗಿದ್ದು ಬದಲಿಸಲು ಬಾರದಿದ್ದಾಗ. ಕಾಟಾದ ತೂಕ ತೋರಿಸುವ ಡಬ್ಬಿಯ ಸೀರಿಯಲ್ ತಂತಿಯನ್ನು ಈಥರ್ನೆಟ್ಟಿಗೆ ಬದಲಿಸುವ ಹಳೆಯ ಕನ್ವರ್ಟರುಗಳಲ್ಲಿ ಇದು ಕಾಣುತ್ತದೆ. ಆಗ ಎರಡೂ ಕಡೆ ಅದದೇ ವೇಗ, ಅದದೇ ಡ್ಯುಪ್ಲೆಕ್ಸ್ ಇಡಿ. ತಾಮ್ರದ ಮೇಲಿನ ಗಿಗಾಬಿಟ್‌ಗೆ ಆಟೋ ಮಾತುಕತೆ ಕಡ್ಡಾಯ. ಅಲ್ಲಿ ಗಟ್ಟಿ ಮಾಡುವ ಪ್ರಶ್ನೆಯೇ ಇಲ್ಲ.

ಗಿಗಾಬಿಟ್ ಬರಬೇಕಾದ ಕಡೆ 100 ಬರುತ್ತಿದ್ದರೆ ಸೆಟ್ಟಿಂಗ್ ಮುಟ್ಟದೆ ಕ್ರಿಂಪ್ (ಕೇಬಲ್ ತುದಿಯ ಪ್ಲಗ್ಗಿನಲ್ಲಿ ತಂತಿಗಳನ್ನು ಒತ್ತಿ ಕೂರಿಸಿದ ಜಾಗ) ನೋಡಿ. 100 ಮೆಗಾಬಿಟ್‌ಗೆ ಎರಡು ಜೋಡಿ ತಂತಿ ಸಾಕು: ಪಿನ್ 1, 2, 3, 6. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಪಿನ್ 4, 5 ಅಥವಾ 7, 8ರಲ್ಲಿ ಒಂದು ತಂತಿ ಕೂತಿರದಿದ್ದರೂ ಲಿಂಕ್ 100ಕ್ಕೆ ಇಳಿಯುತ್ತದೆ. ಟಿ568ಬಿ ಎಂಬ ಕ್ರಮದಲ್ಲಿ ತಂತಿಯ ಬಣ್ಣಗಳು ಪಿನ್ ಒಂದರಿಂದ ಎಂಟಕ್ಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೀಲಿ ಜೋಡಿ ಹಸಿರಿನ ನಡುವೆ ಕೂರಬೇಕು. ಬಣ್ಣಗಳನ್ನು ಜೋಡಿ ಜೋಡಿಯಾಗಿ ಸಾಲಾಗಿ ಹಾಕಿಬಿಡುವುದು ಹೊಸಬರ ಸಾಮಾನ್ಯ ತಪ್ಪು. ಬರೀ ದೀಪ ಉರಿಸುವ ಟೆಸ್ಟರಿನಲ್ಲಿ ಅದು ಸರಿ ಎಂದೇ ತೋರುತ್ತದೆ, ಉದ್ದದ ಕೇಬಲ್ಲಿನಲ್ಲಿ ಕೈಕೊಡುತ್ತದೆ.

ಲೂಪ್ ತಡೆಯುವ ಎರಡು ಸಾಲು

ಲೂಪ್ ಎಂದರೆ ಡೇಟಾ ಸುತ್ತುತ್ತಲೇ ಇರುವ ದಾರಿ. ಅದನ್ನು ತಡೆಯುವ ಸ್ವಿಚ್ಚಿನ ವ್ಯವಸ್ಥೆಯೇ ಸ್ಪ್ಯಾನಿಂಗ್ ಟ್ರೀ. ಮೇಲೆ ಹಾಕಿದ ಪೋರ್ಟ್‌ಫಾಸ್ಟ್ ಏಕೆ? ಹಳೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ಕೇಬಲ್ ಹಾಕಿದ ಪೋರ್ಟು 15 ಸೆಕೆಂಡ್ ಆಲಿಸಿ, ಇನ್ನೂ 15 ಸೆಕೆಂಡ್ ಕಲಿತು ಆಮೇಲೆ ತೆರೆಯುತ್ತದೆ. ಅಷ್ಟರಲ್ಲಿ ಕಂಪ್ಯೂಟರ್ ಶುರುವಾಗಿ ಐಪಿ ಕೇಳಿ, ಸಿಗದೆ 169.254ರಿಂದ ಶುರುವಾಗುವ ವಿಳಾಸವನ್ನು ತಾನೇ ಇಟ್ಟುಕೊಂಡಿರುತ್ತದೆ. ಪೋರ್ಟ್‌ಫಾಸ್ಟ್ ಇದ್ದರೆ ಪೋರ್ಟು ತಕ್ಷಣ ತೆರೆಯುತ್ತದೆ. ಇದನ್ನು ರೂಟರಿಗೋ ಇನ್ನೊಂದು ಸ್ವಿಚ್ಚಿಗೋ ಹೋಗುವ 24, 25ರಂಥ ಪೋರ್ಟಿಗೆ ಹಾಕಬೇಡಿ.

ಬಿಪಿಡಿಯು ಎಂದರೆ ಸ್ಪ್ಯಾನಿಂಗ್ ಟ್ರೀಗಾಗಿ ಸ್ವಿಚ್ ಕಳಿಸುವ ಸಂದೇಶ. ಬಿಪಿಡಿಯು ಗಾರ್ಡ್ ಕೆಲಸಕ್ಕೆ ಬರುವುದು ಕಾಟಾ ರೂಮಿನಂಥ ಕಡೆ. ಅಲ್ಲಿ ಒಂದು ಕೇಬಲ್ಲಿಗೆ 5 ಪೋರ್ಟಿನ ಸಾದಾ ಸ್ವಿಚ್ ಹಾಕಿ ಕಂಪ್ಯೂಟರ್, ಪ್ರಿಂಟರ್, ಕನ್ವರ್ಟರ್ ಸೇರಿಸಿರುತ್ತಾರೆ. ಕಸ ಗುಡಿಸುವಾಗ ಕಳಚಿದ ತುಂಡು ಕೇಬಲ್ಲಿನ ಎರಡೂ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಅದೇ ಸ್ವಿಚ್ಚಿಗೆ ಚುಚ್ಚಿದರೆ ಲೂಪ್ ಆಗಿ, ಕ್ಷಣದಲ್ಲಿ ಇಡೀ ಮಿಲ್ಲಿನ ನೆಟ್‌ವರ್ಕ್ ಮಲಗುತ್ತದೆ. ಗಾರ್ಡ್ ಇದ್ದರೆ ನಮ್ಮ ಸ್ವಿಚ್ ಕಳಿಸಿದ ಸಂದೇಶ ತಿರುಗಿ ಅದೇ ಪೋರ್ಟಿಗೆ ಬಂದ ಕೂಡಲೆ ಪೋರ್ಟ್ 7 ಒಂದೇ ಮುಚ್ಚಿಕೊಳ್ಳುತ್ತದೆ. ಕೆಲವು ಅಗ್ಗದ ಸ್ವಿಚ್‌ಗಳು ಆ ಸಂದೇಶವನ್ನೇ ನುಂಗಿಬಿಡುತ್ತವೆ. ಅದಕ್ಕಾಗಿ ಪೋರ್ಟ್ 7ಕ್ಕೆ ಇನ್ನೂ ಎರಡು ಸಾಲು ಸೇರಿಸಿ:

ಸ್ಟಾರ್ಮ್-ಕಂಟ್ರೋಲ್ ಬ್ರಾಡ್‌ಕಾಸ್ಟ್ ಲೆವೆಲ್ 5
ಸ್ಟಾರ್ಮ್-ಕಂಟ್ರೋಲ್ ಆಕ್ಷನ್ ಶಟ್‌ಡೌನ್

ಎಲ್ಲರಿಗೂ ಹೋಗುವ (ಬ್ರಾಡ್‌ಕಾಸ್ಟ್) ಡೇಟಾ ಮಿತಿ ಮೀರಿದರೆ ಇವು ಪೋರ್ಟನ್ನು ಮುಚ್ಚುತ್ತವೆ. ಮುಚ್ಚಿದ ಪೋರ್ಟು ‘ಎರ್-ಡಿಸೇಬಲ್ಡ್’ ಎಂದು ತೋರುತ್ತದೆ. ಮೊದಲು ಕಾರಣ ತೆಗೆಯಿರಿ, ಆಮೇಲೆ ಆ ಪೋರ್ಟಿಗೆ ‘ಶಟ್‌ಡೌನ್’, ‘ನೋ ಶಟ್‌ಡೌನ್’ ಕೊಡಿ. ರಾತ್ರಿ ಪಾಳಿಯಲ್ಲಿ ತಿಳಿದವರು ಇರುವುದಿಲ್ಲವಾದ್ದರಿಂದ ‘ಎರ್‌ಡಿಸೇಬಲ್ ರಿಕವರಿ ಕಾಸ್ ಬಿಪಿಡಿಯುಗಾರ್ಡ್’ ಮತ್ತು ‘ಎರ್‌ಡಿಸೇಬಲ್ ರಿಕವರಿ ಕಾಸ್ ಸ್ಟಾರ್ಮ್-ಕಂಟ್ರೋಲ್’ ಹಾಕಿಡುವುದು ಮೇಲು. 300 ಸೆಕೆಂಡಿಗೊಮ್ಮೆ ಪೋರ್ಟು ತಾನೇ ತೆರೆದು ನೋಡುತ್ತದೆ, ಲೂಪ್ ಇನ್ನೂ ಇದ್ದರೆ ಮತ್ತೆ ಮುಚ್ಚುತ್ತದೆ.

ಟ್ರಂಕ್: ಇಲ್ಲಿ ಕೈ ತಪ್ಪಿದರೆ ಹೊರಗೆ ಬೀಳುತ್ತೀರಿ

ಇಂಟರ್‌ಫೇಸ್ ಗಿಗಾಬಿಟ್‌ಈಥರ್ನೆಟ್ 1/0/25
ಡಿಸ್ಕ್ರಿಪ್ಷನ್ ಗೋದಾಮು ಫೈಬರ್
ಸ್ವಿಚ್‌ಪೋರ್ಟ್ ಮೋಡ್ ಟ್ರಂಕ್
ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್ 10,20,30,99

ಮುಂದೆ ವಿಲ್ಯಾನ್ 40 ಸೇರಿಸಬೇಕಾದಾಗ ‘ಅಲೋಡ್ ವಿಲ್ಯಾನ್ 40’ ಎಂದಷ್ಟೇ ಹೊಡೆದರೆ ಹಳೆಯ ನಾಲ್ಕೂ ಅಳಿಸಿಹೋಗಿ 40 ಒಂದೇ ಉಳಿಯುತ್ತದೆ. ‘ಅಲೋಡ್ ವಿಲ್ಯಾನ್ ಆ್ಯಡ್ 40’ ಎಂದೇ ಹೊಡೆಯಬೇಕು. ದೂರದಿಂದ ಗೋದಾಮಿನ ಸ್ವಿಚ್ಚಿಗೆ ಲಾಗಿನ್ ಆಗಿ ಈ ತಪ್ಪು ಮಾಡಿದರೆ ವಿಲ್ಯಾನ್ 99 ಸಹ ಕತ್ತರಿಸಿಹೋಗಿ ನೀವೇ ಹೊರಗುಳಿಯುತ್ತೀರಿ. ಅದಕ್ಕೆ ಒಂದು ಉಪಾಯವಿದೆ: ಬದಲಾವಣೆ ಶುರು ಮಾಡುವ ಮೊದಲೇ ‘ರೀಲೋಡ್ ಇನ್ 10’ ಕೊಡಿ. ಎಡವಟ್ಟಾದರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ಮರುಪ್ರಾರಂಭವಾಗಿ, ಸೇವ್ ಮಾಡಿದ್ದ ಹಳೆಯ ಸ್ಥಿತಿಗೆ ಬರುತ್ತದೆ. ಎಲ್ಲ ಸರಿಯಾದರೆ ‘ರೀಲೋಡ್ ಕ್ಯಾನ್ಸಲ್’. ಈ ನಡುವೆ ಸೇವ್ ಮಾಡಬೇಡಿ.

ನೇಟಿವ್ ವಿಲ್ಯಾನ್ (ಟ್ರಂಕಿನಲ್ಲಿ ಟ್ಯಾಗ್ ಇಲ್ಲದೆ ಬಂದ ಡೇಟಾ ಸೇರುವ ವಿಲ್ಯಾನ್) ಎರಡೂ ತುದಿಯಲ್ಲಿ ಒಂದೇ ಇರಲಿ. ಬೇರೆ ಬೇರೆ ಇದ್ದರೆ ಟ್ಯಾಗ್ ಇಲ್ಲದ ಡೇಟಾ ಒಂದು ವಿಲ್ಯಾನಿನಿಂದ ಇನ್ನೊಂದಕ್ಕೆ ಸೋರುತ್ತದೆ.

ಗೋದಾಮಿಗೆ ಫೈಬರ್ ಏಕೆ ಎಂದರೆ, ತಾಮ್ರದ ಕೇಬಲ್ಲಿನ ಮಿತಿ ಒಟ್ಟು 100 ಮೀಟರ್. ಇನ್ನೊಂದು ಕಾರಣ ಸಿಡಿಲು ಮತ್ತು ಅರ್ಥಿಂಗ್: ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದರೆ ತಾಮ್ರದ ತಂತಿ ಅದನ್ನು ಪೋರ್ಟಿನವರೆಗೆ ತರುತ್ತದೆ, ಗಾಜಿನ ಎಳೆ ತರುವುದಿಲ್ಲ. ಒಂದೇ ಎಳೆಯಲ್ಲಿ ಎರಡೂ ಕಡೆ ಸಾಗುವ ಎಸ್‌ಎಫ್‌ಪಿ (ಆ ಕಿಂಡಿಗೆ ಹಾಕುವ ಫೈಬರ್ ಮಾಡ್ಯೂಲ್) ಕೊಂಡರೆ ಅವು ಜೋಡಿಯಾಗಿರಬೇಕು. ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಪಡೆಯುವಂಥದ್ದಾದರೆ ಇನ್ನೊಂದು ಅದರ ತಿರುಗುಮುರುಗು. ಒಂದೇ ಥರದ ಎರಡು ಹಾಕಿದರೆ ಲಿಂಕ್ ಬರುವುದೇ ಇಲ್ಲ. ಎರಡು ಎಳೆಯದ್ದಾದರೆ ಒಂದು ತುದಿಯಲ್ಲಿ ಎಳೆಗಳನ್ನು ಅದಲುಬದಲು ಮಾಡಿ ನೋಡಿ. ಇಲ್ಲಿ ವೇಗ ತಾನಾಗಿ ಇಳಿಯುವುದಿಲ್ಲ: ಒಂದು ಕಡೆ 1 ಗಿಗಾಬಿಟ್, ಇನ್ನೊಂದು ಕಡೆ 100 ಮೆಗಾಬಿಟ್ಟಿನ ಮೀಡಿಯಾ ಕನ್ವರ್ಟರ್ ಕೂಡುವುದಿಲ್ಲ.

ಪಿಒಇ ಲೆಕ್ಕ

ಪಿಒಇಯ 802.3ಎಎಫ್ ಮಾನದಂಡದ ಪ್ರಕಾರ ಪೋರ್ಟು ಕೊಡುವುದು 15.4 ವ್ಯಾಟ್, ಕೇಬಲ್ಲಿನಲ್ಲಿ ಕಳೆದು ಸಾಧನಕ್ಕೆ ಸಿಗುವ ಖಾತ್ರಿ 12.95. 802.3ಎಟಿಯಲ್ಲಿ ಇವು 30 ಮತ್ತು 25.5. ತಿರುಗುವ ಕ್ಯಾಮೆರಾಕ್ಕೆ ಎಟಿ ಬೇಕಾಗಬಹುದು, ಸಾದಾ ಕ್ಯಾಮೆರಾಕ್ಕೆ ಎಎಫ್ ಸಾಕು.

ಎಷ್ಟು ಪೋರ್ಟಿದೆ ಎನ್ನುವುದಕ್ಕಿಂತ ಸ್ವಿಚ್ಚಿನ ಒಟ್ಟು ಬಜೆಟ್ ನೋಡಿ. 190 ವ್ಯಾಟ್ ಬಜೆಟ್ಟಿನ ಸ್ವಿಚ್ ಕ್ಲಾಸ್ 3ರ (ಎಎಫ್‌ನಲ್ಲಿ ಅತಿ ಹೆಚ್ಚು ಖರ್ಚಿನ ವರ್ಗದ) ಕ್ಯಾಮೆರಾಕ್ಕೆ ತಲಾ 15.4 ಕಾಯ್ದಿಟ್ಟರೆ 12 ಕ್ಯಾಮೆರಾಕ್ಕೆ 184.8 ಆಗಿಹೋಯಿತು, ಹದಿಮೂರನೆಯದಕ್ಕೆ ಕರೆಂಟು ಕೊಡದು. ಕ್ಯಾಮೆರಾ ನಿಜವಾಗಿ 8 ವ್ಯಾಟ್ ಮಾತ್ರ ತಿನ್ನುವುದಾದರೆ ‘ಪವರ್ ಇನ್‌ಲೈನ್ ಕನ್ಸಂಪ್ಷನ್ 9000’ ಎಂದು ಪೋರ್ಟಿಗೆ ಹೇಳಿ ಲೆಕ್ಕ ಇಳಿಸಬಹುದು. ಈ ಸಂಖ್ಯೆ ಮಿಲಿವ್ಯಾಟಿನಲ್ಲಿ. ಇದನ್ನು ರಾತ್ರಿಯ ಖರ್ಚು ನೋಡಿಯೇ ಹಾಕಿ. ಕತ್ತಲಾದ ಮೇಲೆ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹೊತ್ತಿ ಖರ್ಚು ಏರುತ್ತದೆ. ಹಗಲೆಲ್ಲ ಚೆನ್ನಾಗಿದ್ದು ಸಂಜೆ ಕತ್ತಲಾಗುತ್ತಲೇ ಆರಿ ಹೊತ್ತುವ ಕ್ಯಾಮೆರಾ ಇದ್ದರೆ ಮೊದಲ ಅನುಮಾನ ಕೇಬಲ್ಲಿನ ಮೇಲೆ ಇರಲಿ: ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ಲಿಗೆ ರೆಸಿಸ್ಟೆನ್ಸ್ ಹೆಚ್ಚು, ಉದ್ದ ಹೆಚ್ಚಾದಂತೆ ವೋಲ್ಟೇಜ್ ಕುಸಿಯುತ್ತದೆ. ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ; ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ.

ಗರ ಬಡಿದಂತೆ ನಿಂತ ಕ್ಯಾಮೆರಾವನ್ನು ಎಬ್ಬಿಸಲು ಏಣಿ ಹತ್ತಬೇಕಿಲ್ಲ. ಪೋರ್ಟಿಗೆ ‘ಪವರ್ ಇನ್‌ಲೈನ್ ನೆವರ್’ ಕೊಟ್ಟು, ಹತ್ತು ಸೆಕೆಂಡ್ ಬಿಟ್ಟು ‘ಪವರ್ ಇನ್‌ಲೈನ್ ಆಟೋ’ ಕೊಡಿ.

ಕಾವಲು

ಖಾಲಿ ಪೋರ್ಟ್ 22ನ್ನು ‘ಶಟ್‌ಡೌನ್’ ಮಾಡಿ. ಹಾಜರಿ ಯಂತ್ರದ ಪೋರ್ಟಿಗೆ ‘ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯೂರಿಟಿ’ ಹಾಕಿ ಒಂದೇ ಮ್ಯಾಕ್ ವಿಳಾಸಕ್ಕೆ (ಸಾಧನದ ಹಾರ್ಡ್‌ವೇರ್ ಗುರುತು) ಬಿಡಿ. ನಿಯಮ ಮೀರಿದರೆ ಪೋರ್ಟು ಮುಚ್ಚುವುದು ಅದರ ಮೂಲ ಅಭ್ಯಾಸ. ‘ವಯೊಲೇಷನ್ ರಿಸ್ಟ್ರಿಕ್ಟ್’ ಎಂದು ಬದಲಿಸಿದರೆ ಹೊರಗಿನ ಸಾಧನವನ್ನು ಮಾತ್ರ ತಡೆದು ದಾಖಲೆ ಮಾಡುತ್ತದೆ.

ಕಚೇರಿಯಲ್ಲಿ ಯಾರಾದರೂ ಮನೆಯ ವೈಫೈ ರೂಟರ್ ತಂದು ಅದರ ಲ್ಯಾನ್ ಪೋರ್ಟಿನಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಅದು ಎಲ್ಲರಿಗೂ ತನ್ನ ಐಪಿ ಹಂಚಲು ಶುರು ಮಾಡುತ್ತದೆ. ಹೀಗೆ ಐಪಿ ಹಂಚುವ ವ್ಯವಸ್ಥೆಯೇ ಡಿಎಚ್‌ಸಿಪಿ. ಒಬ್ಬರಿಗೆ ಬಿಲ್ಲಿನ ಸಾಫ್ಟ್‌ವೇರ್ ತೆರೆದರೆ ಇನ್ನೊಬ್ಬರಿಗೆ ತೆರೆಯದು. ‘ಐಪಿ ಡಿಎಚ್‌ಸಿಪಿ ಸ್ನೂಪಿಂಗ್’, ‘ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ವಿಲ್ಯಾನ್ 10,20,30’ ಹಾಕಿ, ರೂಟರ್ ಇರುವ ಪೋರ್ಟ್ 24ಕ್ಕೆ ಮಾತ್ರ ‘ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಟ್ರಸ್ಟ್’ ಕೊಡಿ. ಇದಾದ ಮೇಲೆ ಯಾರಿಗೂ ಐಪಿ ಸಿಗದಿದ್ದರೆ ‘ನೋ ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಇನ್ಫರ್ಮೇಷನ್ ಆಪ್ಷನ್’ ಹೊಡೆದು ನೋಡಿ. ಸ್ವಿಚ್ ಸೇರಿಸುವ ಆಪ್ಷನ್ 82 ಎಂಬ ಟಿಪ್ಪಣಿಯನ್ನು ಕೆಲವು ರೂಟರುಗಳು ಒಪ್ಪುವುದಿಲ್ಲ.

ಎಣಿಕೆ ಓದುವುದು

‘ಶೋ ಇಂಟರ್‌ಫೇಸಸ್ ಸ್ಟೇಟಸ್’ ಒಂದೇ ಪರದೆಯಲ್ಲಿ ವಿವರಣೆ, ಸ್ಥಿತಿ, ವಿಲ್ಯಾನ್, ಡ್ಯುಪ್ಲೆಕ್ಸ್, ವೇಗ ತೋರಿಸುತ್ತದೆ. ವೇಗದ ಮುಂದೆ ‘ಎ-’ ಎಂದಿದ್ದರೆ ಅದು ಮಾತುಕತೆಯಿಂದ ಬಂದದ್ದು. ‘ಶೋ ಇಂಟರ್‌ಫೇಸಸ್ ಟ್ರಂಕ್’, ‘ಶೋ ಪವರ್ ಇನ್‌ಲೈನ್’ ಕೂಡ ಓದಿ ಹಾಳೆಯ ಪಟ್ಟಿಗೆ ಹೋಲಿಸಿ.

ಆಮೇಲೆ ‘ಕ್ಲಿಯರ್ ಕೌಂಟರ್ಸ್’ ಕೊಟ್ಟು ಮಿಲ್ಲು ಪೂರ್ತಿ ಓಡುತ್ತಿರುವಾಗ ಒಂದು ಗಂಟೆ ಬಿಟ್ಟು ‘ಶೋ ಇಂಟರ್‌ಫೇಸಸ್ ಕೌಂಟರ್ಸ್ ಎರರ್ಸ್’ ನೋಡಿ. ಮೋಟಾರು ನಿಂತಾಗ ಸೊನ್ನೆ ಇದ್ದು ಓಡುವಾಗ ಸಿಆರ್‌ಸಿ ಏರಿದರೆ ಕೇಬಲ್ಲು ಮೂರು ಫೇಸಿನ ತಂತಿಯ ಪಕ್ಕದಲ್ಲೇ ಹೋಗಿದೆ. ಕನಿಷ್ಠ ಒಂದು ಅಡಿ ದೂರ ಸರಿಸಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ. ಮೋಟಾರಿಗೂ ಅದಕ್ಕೂ ಸಂಬಂಧವಿಲ್ಲದೆ ಏರುತ್ತಿದ್ದರೆ ಕ್ರಿಂಪ್ ಅಥವಾ ಪೋರ್ಟಿನೊಳಗಿನ ತೌಡು ನೋಡಿ. ಖಾಲಿ ಕಿಂಡಿಗಳಿಗೆ ರಬ್ಬರ್ ಮುಚ್ಚಳ ಹಾಕಿ.

ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಚೇರಿಗೆಂದು ಮಾಡಿದ ಎಷ್ಟೋ ಸ್ವಿಚ್‌ಗಳ ಮಿತಿ 40ರಿಂದ 45 ಡಿಗ್ರಿ. ರಾಯಚೂರು, ಬಳ್ಳಾರಿಯ ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ. ತಗಡಿನ ಶೀಟಿನ ಕೆಳಗೆ ಮುಚ್ಚಿದ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಗೋದಾಮಿಗೆ ಫ್ಯಾನಿಲ್ಲದ, 60–75 ಡಿಗ್ರಿ ತಾಳುವ ಇಂಡಸ್ಟ್ರಿಯಲ್ ಸ್ವಿಚ್ ಹಾಕುವುದು ಹಣಕ್ಕೆ ತಕ್ಕ ಕೆಲಸ. ಫ್ಯಾನ್ ಇರುವ ಸ್ವಿಚ್ ಅಲ್ಲಿ ತೌಡನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಸೇವ್

ಇಲ್ಲಿಯವರೆಗೆ ಹೊಡೆದದ್ದೆಲ್ಲ ಸ್ವಿಚ್ಚಿನ ಚಾಲ್ತಿ ನೆನಪಿನಲ್ಲಿ ಮಾತ್ರ ಇದೆ. ದೊಡ್ಡ ಮೋಟಾರು ಶುರುವಾಗುವಾಗ ವೋಲ್ಟೇಜ್ ಕುಸಿದು ಸ್ವಿಚ್ ಮರುಪ್ರಾರಂಭವಾದರೆ ಎಲ್ಲ ಹೋಯಿತು. ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’ ಕೊಡಿ. ವೆಬ್ ಸ್ವಿಚ್ಚಿನಲ್ಲಿ ‘ಅಪ್ಲೈ’ ಒತ್ತಿದ ಮೇಲೂ ‘ಸೇವ್’ ಎಂಬ ಬೇರೆ ಗುಂಡಿ ಇದೆಯೇ ನೋಡಿ. ನಂತರ ‘ಶೋ ರನ್ನಿಂಗ್-ಕಾನ್ಫಿಗ್’ ಪೂರ್ತಿ ಬರಹವನ್ನು ಒಂದು ಫೈಲಿಗೆ ಹಾಕಿ ಪೆನ್‌ಡ್ರೈವಿನಲ್ಲಿ ಇಡಿ, ಪೋರ್ಟ್ ಪಟ್ಟಿಯ ಒಂದು ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ರ್‍ಯಾಕಿನ ಬಾಗಿಲ ಒಳಗೆ ಅಂಟಿಸಿ. ಸಿಡಿಲಿಗೆ ಸ್ವಿಚ್ ಸುಟ್ಟ ದಿನ ಅದೇ ಮಾದರಿಯ ಹೊಸದಕ್ಕೆ ಆ ಫೈಲನ್ನು ಕನ್ಸೋಲಿನಲ್ಲಿ ಅಂಟಿಸಿ, ಖಾಲಿ ಪೋರ್ಟ್ 22 ಬಿಟ್ಟು ಬೇರೆ ಪೋರ್ಟು ಮುಚ್ಚಿದ್ದರೆ ಅದಕ್ಕೆ ‘ನೋ ಶಟ್‌ಡೌನ್’ ಕೊಟ್ಟು, ಚೀಟಿಯ ನಂಬರ್ ನೋಡಿ ಕೇಬಲ್ಲು ಚುಚ್ಚಿದರೆ ಕಾಟಾ ಮತ್ತೆ ತೂಗುತ್ತದೆ.